ಹತ್ತುಶದ ಫಲಕಗಳು, ಟೋಕಿಯೊದ ಪ್ರೇಮಕಥೆಗಳು

ಜಪಾನಿನಲ್ಲಿ ಹುಡುಗಿಯರ ಓದಿಗೆಂದೇ ಬರುವ ಚಿತ್ರಕಥೆಗಳಿಗೆ ಶೋಜೊ ಮಾಂಗಾ ಎಂದು ಹೆಸರು. ಇತಿಹಾಸದ ಪ್ರೇಮಕಥೆ ಈ ಪ್ರಕಾರದಲ್ಲಿ ಗಟ್ಟಿಯಾಗಿ ನೆಲೆಯೂರಿದ್ದು 1970ರ ದಶಕದಲ್ಲಿ. ‘ಮಾರ್ಗರೆಟ್’ ವಾರಪತ್ರಿಕೆಯಲ್ಲಿ 1972ರಲ್ಲಿ ಶುರುವಾದ ರಿಯೊಕೊ ಇಕೆದಾ ಅವರ ‘ವರ್ಸೇಲ್ಸಿನ ಗುಲಾಬಿ’, ಫ್ರೆಂಚ್ ಕ್ರಾಂತಿಯಂಥ ಭಾರವಾದ ವಸ್ತುವನ್ನೂ ಶಾಲಾ ಹುಡುಗಿಯರು ಮುಗಿಬಿದ್ದು ಓದುತ್ತಾರೆಂದು ಸಂಪಾದಕರಿಗೆ ತೋರಿಸಿಕೊಟ್ಟಿತು. ಅದಕ್ಕೂ ಮೊದಲೇ, 1965ರಲ್ಲಿ, ತುತಾಂಖಾಮನ್ ಸಮಾಧಿಯ ವಸ್ತುಗಳು ಜಪಾನಿಗೆ ಬಂದಿದ್ದವು. ಟೋಕಿಯೊ, ಕ್ಯೋಟೊ, ಫುಕುಓಕಾಗಳಲ್ಲಿ ನಡೆದ ಆ ಪ್ರದರ್ಶನವನ್ನು ಲಕ್ಷಗಟ್ಟಲೆ ಜನ ನೋಡಿದರು. ಹೀಗಾಗಿ ಪ್ರಾಚೀನ ಈಜಿಪ್ಟ್ ಓದುಗರಿಗೆ ತೀರಾ ಅಪರಿಚಿತ ಲೋಕವಾಗಿರಲಿಲ್ಲ.

1976ರಲ್ಲಿ ‘ಪ್ರಿನ್ಸೆಸ್’ ಮಾಸಪತ್ರಿಕೆಯಲ್ಲಿ ಚಿಯೆಕೊ ಹೊಸೊಕಾವಾ ಅವರ ‘ರಾಜವಂಶದ ಲಾಂಛನ’ ಆರಂಭವಾಯಿತು. ಕೈರೊದಲ್ಲಿ ಓದುತ್ತಿದ್ದ ಅಮೆರಿಕದ ಹುಡುಗಿ ಕ್ಯಾರೊಲ್, ತರುಣ ಫೇರೋ ಒಬ್ಬನ ಸಮಾಧಿ ತೆರೆದಾಗ ತಟ್ಟಿದ ಶಾಪದಿಂದ ಮೂರು ಸಾವಿರ ವರ್ಷ ಹಿಂದಕ್ಕೆ ಹೋಗಿ ಬೀಳುತ್ತಾಳೆ. ಅಲ್ಲಿ ಅದೇ ಫೇರೋ ಮೆಂಫಿಸ್ ಬದುಕಿದ್ದಾನೆ. ಅವನನ್ನೇ ಮದುವೆಯಾಗಲು ಕಾದಿರುವ ಅಕ್ಕ ಐಸಿಸ್ ಇದ್ದಾಳೆ. ಪಾತ್ರಗಳು ಕಲ್ಪಿತ. ಆದರೆ ಕ್ಯಾರೊಲ್ ಅರಮನೆಯಲ್ಲಿ ಗೌರವ ಗಳಿಸುವುದು ಸೌಂದರ್ಯವೊಂದರಿಂದಲೇ ಅಲ್ಲ. ಕೆಸರು ನೀರನ್ನು ಶೋಧಿಸಿ ತಿಳಿಯಾಗಿಸುವ ಸರಳ ವಿದ್ಯೆ ಅವಳನ್ನು ಆ ಜನರ ಕಣ್ಣಲ್ಲಿ ನೈಲ್ ದೇವಿಯ ಮಗಳಾಗಿಸುತ್ತದೆ. ಪಠ್ಯಪುಸ್ತಕ ಓದಿದ ಹುಡುಗಿಗೆ ಅರಸರಿಗೂ ಗೊತ್ತಿಲ್ಲದ್ದು ಗೊತ್ತಿರುತ್ತದೆ ಎಂಬ ಈ ಏರ್ಪಾಡು ಮುಂದಿನ ಹಲವು ಕಥೆಗಳಿಗೆ ಅಡಿಪಾಯವಾಯಿತು. 60ಕ್ಕೂ ಹೆಚ್ಚು ಸಂಪುಟಗಳಾದರೂ ಈ ಕಥೆ ಮುಗಿದಿಲ್ಲ.

ಕಾಲಪಯಣದ ಹಂಗಿಲ್ಲದ ದಾರಿಯೂ ಒಂದಿತ್ತು. ಮಚಿಕೊ ಸತೊನಾಕಾ 1983ರಿಂದ 2015ರವರೆಗೆ ರಚಿಸಿದ ‘ಆಗಸದ ಕಾಮನಬಿಲ್ಲು’ ಏಳನೇ ಶತಮಾನದ ಜಪಾನಿನ ಸಾಮ್ರಾಜ್ಞಿ ಜಿತೊಳ ಬದುಕನ್ನು ಹಿಡಿಯುತ್ತದೆ. ತಂದೆಯೂ ಚಕ್ರವರ್ತಿ, ಗಂಡನೂ ಚಕ್ರವರ್ತಿ. ಕೊನೆಗೆ ತಾನೇ ಸಿಂಹಾಸನವೇರಿದ ಈ ಹೆಣ್ಣಿನ ಪ್ರೀತಿ, ಹಟ, ಒಂಟಿತನಗಳಿಗೆ ಲೇಖಕಿ 23 ಸಂಪುಟಗಳನ್ನು ಕೊಟ್ಟರು.

ದಾಖಲೆ ಮತ್ತು ಕಲ್ಪನೆ ಅತ್ಯಂತ ಹತ್ತಿರದಿಂದ ಕೈಹಿಡಿದದ್ದು ಚಿಯೆ ಶಿನೊಹಾರಾ ಅವರ ಕೃತಿಯಲ್ಲಿ. ‘ಕೆಂಪು ನದಿಯ ದಡದಲ್ಲಿ’ ಎಂಬ ಅರ್ಥದ ಹೆಸರು ಹೊತ್ತ ಇದು 1995ರಿಂದ 2002ರವರೆಗೆ ‘ಶೋಜೊ ಕಾಮಿಕ್’ ಪತ್ರಿಕೆಯಲ್ಲಿ ಬಂದು 28 ಸಂಪುಟಗಳಲ್ಲಿ ಮುಗಿಯಿತು. ಕಥೆ ನಡೆಯುವುದು ಕ್ರಿಸ್ತಪೂರ್ವ 14ನೇ ಶತಮಾನದ ಹಿಟ್ಟೈಟ್ ರಾಜ್ಯದಲ್ಲಿ, ಇಂದಿನ ತುರ್ಕಿಯ ನಡುನಾಡಿನಲ್ಲಿ. ಕೆಂಪು ನದಿ ಎಂದರೆ ಆ ಸೀಮೆಯನ್ನು ಬಳಸಿ ಹರಿಯುವ ಕಿಜಿಲಿರ್ಮಾಕ್. ಹಿಟ್ಟೈಟರ ರಾಜಧಾನಿ ಹತ್ತುಶದಲ್ಲಿ 1906ರಲ್ಲಿ ಶುರುವಾದ ಉತ್ಖನನದಲ್ಲಿ ಬೆಣೆಲಿಪಿಯ ಸಾವಿರಾರು ಜೇಡಿಮಣ್ಣಿನ ಫಲಕಗಳು ಸಿಕ್ಕವು. ಅವುಗಳ ಭಾಷೆಯ ಗಂಟನ್ನು 1915ರಲ್ಲಿ ಬಿಡಿಸಿದವರು ಚೆಕ್ ವಿದ್ವಾಂಸ ಬೆಡ್ರಿಚ್ ಹ್ರೊಜ್ನಿ. ಮಿತನ್ನಿ ರಾಜ್ಯದ ಅರಸನೊಂದಿಗೆ ಹಿಟ್ಟೈಟರು ಮಾಡಿಕೊಂಡ ಒಪ್ಪಂದದ ಫಲಕದಲ್ಲಿ ಮಿತ್ರ, ವರುಣ, ಇಂದ್ರ, ನಾಸತ್ಯರು ಸಾಕ್ಷಿದೇವತೆಗಳಾಗಿ ನಿಂತಿದ್ದಾರೆ. ಭಾರತದ ಓದುಗರಿಗೆ ಹತ್ತುಶದ ನಂಟು ಅಷ್ಟು ದೂರದ್ದಲ್ಲ.

ಆ ಫಲಕಗಳಲ್ಲಿ ಒಂದು ವಿಚಿತ್ರ ಪ್ರಸಂಗವಿದೆ. ಅರಸ ಸುಪ್ಪಿಲುಲಿಯುಮ ಕಾರ್ಕೆಮಿಶ್ ಕೋಟೆಗೆ ಮುತ್ತಿಗೆ ಹಾಕಿದ್ದಾಗ ಈಜಿಪ್ಟಿನ ವಿಧವೆ ರಾಣಿಯಿಂದ ಪತ್ರ ಬರುತ್ತದೆ: ಗಂಡ ತೀರಿಕೊಂಡಿದ್ದಾನೆ, ಗಂಡುಮಕ್ಕಳಿಲ್ಲ, ಸೇವಕನೊಬ್ಬನನ್ನು ಮದುವೆಯಾಗಲಾರೆ, ನಿಮ್ಮ ಮಗನೊಬ್ಬನನ್ನು ಕಳಿಸಿ. ಅರಸನಿಗೆ ನಂಬಿಕೆ ಬರುವುದಿಲ್ಲ. ಮೊದಲು ಅರಮನೆಯ ಅಧಿಕಾರಿಯೊಬ್ಬನನ್ನು ಕಳಿಸಿ ವಿಚಾರಿಸುತ್ತಾನೆ. ಆಮೇಲೆ ಹೊರಟ ರಾಜಕುಮಾರ ಜನ್ನಂಜ ಸಾವಿಗೀಡಾಗುತ್ತಾನೆ. ಇದನ್ನು ಬರೆಯಿಸಿದವನು ಜನ್ನಂಜನ ಸೋದರ, ಮುಂದೆ ಅರಸನಾದ ಎರಡನೇ ಮುರ್ಸಿಲಿ. ಶಿನೊಹಾರಾ ಅವರ ನಾಯಕ ಕೈಲ್ ಇದೇ ಮುರ್ಸಿಲಿ. ಟೋಕಿಯೊದ ಸಾಮಾನ್ಯ ಹುಡುಗಿ ಯೂರಿಯನ್ನು ನೀರಿನ ಮಾಟದಿಂದ ಎಳೆತಂದು ಬಲಿಕೊಡಲು ನೋಡುವವಳು ಅವನ ಮಲತಾಯಿ, ಬಾಬಿಲೋನಿನಿಂದ ಬಂದ ರಾಣಿ ನಕಿಯಾ. ತನ್ನ ಹೊಟ್ಟೆಯ ಮಗ ಪಟ್ಟಕ್ಕೆ ಬರಬೇಕೆಂಬುದು ಅವಳ ಆಸೆ. ಕೈಲ್ ಯೂರಿಯನ್ನು ಕಾಪಾಡುತ್ತಾನೆ, ಜನ ಅವಳನ್ನು ಇಶ್ತಾರ್ ದೇವಿಯ ಅವತಾರವೆಂದು ನಂಬುತ್ತಾರೆ.

ನಕಿಯಾ ಕೂಡ ಪೂರ್ತಿ ಕಲ್ಪನೆಯಲ್ಲ. ಬಾಬಿಲೋನಿನ ರಾಜಕುಮಾರಿಯಾಗಿದ್ದ ಮಲತಾಯಿಯೊಬ್ಬಳು ಮುರ್ಸಿಲಿಗೆ ನಿಜಕ್ಕೂ ಇದ್ದಳು. ತನ್ನ ಹೆಂಡತಿ ಗಸ್ಸುಲವಿಯಾ ಸತ್ತದ್ದು ಅವಳು ಹಾಕಿದ ಶಾಪದಿಂದ ಎಂದು ಆರೋಪಿಸಿದ ಅರಸ, ಅವಳನ್ನು ಕೊಲ್ಲದೆ ಪದವಿಯಿಂದ ಇಳಿಸಿ ಅರಮನೆಯಿಂದ ಹೊರಗಟ್ಟಿದ. ದೇವರೆದುರು ಮಾಡಿಕೊಂಡ ಪ್ರಾರ್ಥನೆಯಲ್ಲಿ, ಅವಳಿಗೆ ಅನ್ನನೀರಿಗೆ ಕೊರತೆಯಿಲ್ಲ, ತಾನು ಮಾತ್ರ ಹೆಂಡತಿಯನ್ನು ನೆನೆದು ನರಳುತ್ತಿದ್ದೇನೆ ಎಂದು ಹೇಳಿಕೊಳ್ಳುತ್ತಾನೆ. ಮೂರು ಸಾವಿರ ವರ್ಷ ಹಳೆಯ ಈ ಗೋಳಿನ ಮುಂದೆ ಮಾಂಗಾದ ಯಾವ ವಿರಹವೂ ದೊಡ್ಡದಲ್ಲ. ಶಿನೊಹಾರಾ ಮಾಡಿದ್ದು ಅದನ್ನು ತಿರುಗಿಸಿದ್ದು: ಇತಿಹಾಸ ಮುರ್ಸಿಲಿಯಿಂದ ಕಿತ್ತುಕೊಂಡ ದಾಂಪತ್ಯವನ್ನು ಕಥೆ ಅವನಿಗೆ ಮರಳಿಸುತ್ತದೆ. ಯೂರಿ ಮನೆಗೆ ಹಿಂದಿರುಗದೆ ಅವನ ಪಟ್ಟದರಸಿಯಾಗಿ ಅಲ್ಲೇ ಉಳಿಯುತ್ತಾಳೆ.

ದಾಖಲೆಗೆ ಇಷ್ಟು ಅಂಟಿಕೊಂಡರೂ ಚಿತ್ರಗಳ ರೀತಿ ಶೋಜೊ ಪರಂಪರೆಯದೇ. ಭಾವದ ಕ್ಷಣದಲ್ಲಿ ಚೌಕಟ್ಟಿನ ಗೆರೆ ಕಳಚಿ ಮುಖ ಪುಟದ ತುಂಬ ಹರಡುತ್ತದೆ, ಕಣ್ಣಲ್ಲಿ ಬೆಳಕು ತುಂಬುತ್ತದೆ. ಯುದ್ಧದ ಪುಟಗಳಲ್ಲಿ ರಥ, ಕುದುರೆ, ಕೋಟೆಗೋಡೆಗಳು ಒತ್ತಾಗಿ ಬರುತ್ತವೆ. ಎರಡರ ನಡುವೆ ಓದುಗರು ಕಾರ್ಕೆಮಿಶ್, ಮಿತನ್ನಿ, ಸುಪ್ಪಿಲುಲಿಯುಮ ಮುಂತಾದ ಹೆಸರುಗಳನ್ನು ಪರೀಕ್ಷೆಯ ಭಯವಿಲ್ಲದೆ ಕಲಿತರು. ಜಪಾನಿನ ಪುರಾತತ್ತ್ವಜ್ಞರು ಮಧ್ಯ ತುರ್ಕಿಯ ಕಮಾನ್-ಕಾಲೆಹೊಯುಕ್ ದಿಬ್ಬದಲ್ಲಿ 1986ರಿಂದಲೇ ಅಗೆಯುತ್ತಿದ್ದರೂ, ಹಿಟ್ಟೈಟರ ಹೆಸರನ್ನು ಮನೆಮನೆಗೆ ಮುಟ್ಟಿಸುವುದರಲ್ಲಿ ಈ ಮಾಂಗಾದ ಪಾಲು ದೊಡ್ಡದು.

ಈ ಕಥೆಗಳು ಮುಂದೆ ರಂಗಕ್ಕೂ ಏರಿದವು. ‘ರಾಜವಂಶದ ಲಾಂಛನ’ 2016ರಲ್ಲಿ ಟೋಕಿಯೊದ ಇಂಪೀರಿಯಲ್ ಥಿಯೇಟರಿನಲ್ಲಿ ಸಂಗೀತ ನಾಟಕವಾಯಿತು. ಗಂಡುಪಾತ್ರಗಳನ್ನೂ ಹೆಣ್ಣುಮಕ್ಕಳೇ ವಹಿಸುವ ತಕರಜುಕಾ ತಂಡ 2018ರಲ್ಲಿ ಯೂರಿ ಮತ್ತು ಕೈಲರ ಕಥೆಯನ್ನು ಆಡಿತು. 2014ರಿಂದ ಚಿಯೆ ಇನುದೊ ಹತ್‌ಶೆಪ್ಸುತ್ ರಾಣಿಯ ಬದುಕನ್ನು ಮಾಂಗಾಕ್ಕೆ ತಂದಾಗ, ಆಧುನಿಕ ಹುಡುಗಿಯ ನೆರವೇ ಬೇಕಾಗಲಿಲ್ಲ. ಗಂಡುವೇಷ ತೊಟ್ಟು ಫೇರೋ ಆದ ರಾಣಿಯೇ ಕಥೆಗೆ ಸಾಕಾದಳು.