ಹೆಣ್ಣಾಳು–ಗಂಡಾಳು: ಕೂಲಿ ತಾರತಮ್ಯದ ಚಾರಿತ್ರಿಕ ನೆಲೆಗಳು

ಕನ್ನಡ ನಾಡಿನ ಕೃಷಿ ವ್ಯವಹಾರದಲ್ಲಿ ‘ಹೆಣ್ಣಾಳು’, ‘ಗಂಡಾಳು’ ಎಂಬ ಪದಗಳು ಕೇವಲ ಲಿಂಗಸೂಚಕಗಳಲ್ಲ. ಕೂಲಿಯ ದರವನ್ನೂ ಸೂಚಿಸುತ್ತ ಬಂದಿವೆ. ಉಳುಮೆ, ಅಗೆತ, ಮೂಟೆ ಹೊರುವುದು ಗಂಡಾಳಿನ ಪಾಲಿಗೂ ನಾಟಿ, ಕಳೆ ಕೀಳುವುದು, ಕೇರುವುದು ಹೆಣ್ಣಾಳಿನ ಪಾಲಿಗೂ ಹಂಚಿಕೆಯಾದ ಮೇಲೆ ಇಬ್ಬರ ದುಡಿಮೆಯನ್ನು ಹೋಲಿಸುವ ಅವಕಾಶವೇ ಕಡಿಮೆಯಾಗುತ್ತದೆ. ಹಗಲಿಡೀ ಕೆಸರಿನಲ್ಲಿ ಬಾಗಿ ಪೈರು ನೆಡುವುದು ‘ಹಗುರ ಕೆಲಸ’ವೆನಿಸಿಕೊಂಡದ್ದು ಶ್ರಮದ ಅಳತೆಯಿಂದಲ್ಲ, ಅದನ್ನು ಮಾಡುವವರು ಯಾರು ಎಂಬುದರಿಂದ. ಕೂಲಿ ತಾರತಮ್ಯದ ಒಂದು ಮುಖ್ಯ ಬೇರು ಈ ಹೆಸರಿಡುವಿಕೆಯಲ್ಲಿದೆ ಎಂಬುದು ಪ್ರಸ್ತುತ ಲೇಖನದ ವಾದ.

ಸಂವಿಧಾನದ 39(ಡಿ) ವಿಧಿಯು ಸ್ತ್ರೀಪುರುಷರಿಗೆ ಸಮಾನ ಕೆಲಸಕ್ಕೆ ಸಮಾನ ವೇತನವನ್ನು ರಾಜ್ಯನೀತಿಯ ನಿರ್ದೇಶಕ ತತ್ತ್ವವಾಗಿ ಸಾರಿತು. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1951ರ ಸಮಾನ ವೇತನ ಒಡಂಬಡಿಕೆಯನ್ನು ಭಾರತ 1958ರಲ್ಲಿ ಅನುಮೋದಿಸಿತು. ಆದರೆ ತತ್ತ್ವವು ಕಾನೂನಾಗಲು ಅಂತಾರಾಷ್ಟ್ರೀಯ ಮಹಿಳಾ ವರ್ಷವಾದ 1975ರ ಸುಗ್ರೀವಾಜ್ಞೆಯವರೆಗೆ ಕಾಯಬೇಕಾಯಿತು. ಮರುವರ್ಷ ಬಂದ ಸಮಾನ ವೇತನ ಕಾಯ್ದೆಯು ಒಂದೇ ಅಥವಾ ಸದೃಶ ಸ್ವರೂಪದ ಕೆಲಸಕ್ಕೆ ಭಿನ್ನ ವೇತನ ನೀಡುವುದನ್ನು ನಿಷೇಧಿಸಿತು.

ಹೆಸರಿನ ಸಮಸ್ಯೆ ಹೊಲಕ್ಕೆ ಸೀಮಿತವಲ್ಲ. ಮ್ಯಾಕಿನಾನ್ ಮೆಕೆಂಜಿ ಮೊಕದ್ದಮೆಯಲ್ಲಿ ಕಂಪನಿಯು ತನ್ನ ಮಹಿಳಾ ಶೀಘ್ರಲಿಪಿಗಾರರು ಪ್ರತ್ಯೇಕ ವರ್ಗದವರೆಂದು ವಾದಿಸಿತ್ತು. 1987ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ವಾದವನ್ನು ತಳ್ಳಿಹಾಕಿ, ಕೆಲಸದ ಸ್ವರೂಪವೇ ಮುಖ್ಯವೆಂದು ತೀರ್ಪಿತ್ತಿತು. ಸಮಾನ ವೇತನ ಕೊಡುವ ಶಕ್ತಿಯಿಲ್ಲವೆಂಬ ನೆಪವನ್ನೂ ಅದು ಒಪ್ಪಲಿಲ್ಲ.

1976ರ ನಿಯಮಗಳು ಕೆಲಸದ ವಿವರ, ಸ್ತ್ರೀಪುರುಷರ ಸಂಖ್ಯೆ ಮತ್ತು ವೇತನದ ದರವನ್ನು ವಹಿಯಲ್ಲಿ ದಾಖಲಿಸುವಂತೆ ಮಾಲೀಕರಿಗೆ ವಿಧಿಸಿದ್ದುವು. ಆದರೆ ಆ ವಹಿ ಮಾಲೀಕನ ಬಳಿಯೇ ಉಳಿಯುವಂಥದು. ಅದನ್ನು ಸಾರ್ವಜನಿಕರ ಮುಂದಿಡುವ ಕಟ್ಟಳೆಯಿರಲಿಲ್ಲ. ಬ್ರಿಟನ್ನಿನಲ್ಲಿ 2017ರಲ್ಲಿ ಜಾರಿಗೆ ಬಂದ ನಿಯಮಗಳು 250 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಸ್ತ್ರೀಪುರುಷರ ಸರಾಸರಿ ವೇತನದ ಅಂತರವನ್ನು ಪ್ರಕಟಿಸಬೇಕೆಂದು ವಿಧಿಸಿದುವು. ಇಲ್ಲಿ ಹೋಲಿಕೆಗೆ ಕೆಲಸ ಒಂದೇ ಆಗಿರಬೇಕಿಲ್ಲ. ಆದುದರಿಂದ ಕೆಲಸದ ವಿಂಗಡಣೆಯ ಹಿಂದೆ ಅಡಗಿದ ಅಂತರವೂ ಗೋಚರಿಸುತ್ತದೆ. ನಮ್ಮಲ್ಲಿ 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯು ಲಿಂಗಭೇದವಿಲ್ಲದ ಕೂಲಿಯ ಜೊತೆಗೆ ಗ್ರಾಮಸಭೆಯ ಸಾಮಾಜಿಕ ಪರಿಶೋಧನೆಯನ್ನೂ ತಂದಿತು. 1976ರ ಕಾಯ್ದೆಯ ಆಶಯವು 2019ರ ವೇತನ ಸಂಹಿತೆಯಲ್ಲಿ ಸೇರಿಕೊಂಡಿತು. ಕೂಲಿ ಗುಟ್ಟಾಗಿರುವವರೆಗೆ ತಾರತಮ್ಯವನ್ನು ಪ್ರಶ್ನಿಸುವುದು ಕಷ್ಟವೆಂಬ ಪಾಠವನ್ನು ಈ ಚರಿತ್ರೆಯಿಂದ ಪಡೆಯಬಹುದಾಗಿದೆ.

ಈ ಪಾಠ ಜಾನಪದ ಅಧ್ಯಯನಕ್ಕೂ ಅನ್ವಯಿಸುತ್ತದೆ. ನಾಟಿಯ ಹಾಡು, ಬೀಸುವ ಪದಗಳನ್ನು ನಾವು ಶ್ರದ್ಧೆಯಿಂದ ಸಂಗ್ರಹಿಸಿದ್ದೇವೆ. ಹಾಡಿದಾಕೆಗೆ ಅಂದು ಎಷ್ಟು ಕೂಲಿ ಸಂದಿತು, ಬದುವಿನ ಮೇಲಿದ್ದ ಗಂಡಾಳಿಗೆ ಎಷ್ಟು ಸಂದಿತು ಎಂಬುದನ್ನು ಅಷ್ಟೇ ಶ್ರದ್ಧೆಯಿಂದ ಬರೆದಿಟ್ಟಿಲ್ಲ. ಆಕೆಯ ಹಾಡನ್ನು ಕಲೆಯೆಂದು ಕೊಂಡಾಡಿ, ಬೆರಳುಗಳ ಕೌಶಲವನ್ನು ಮಾತ್ರ ಸಹಜ ಸ್ವಭಾವವೆಂದು ಬಗೆದರೆ ‘ಹಗುರ ಕೆಲಸ’ವೆಂಬ ಹಳೆಯ ಹೆಸರನ್ನು ನಾವೂ ಅನುಮೋದಿಸಿದಂತಾಗುತ್ತದೆ. ಮುಂದಿನ ಕ್ಷೇತ್ರಕಾರ್ಯದ ಟಿಪ್ಪಣಿಯಲ್ಲಿ ಹಾಡಿನ ಪಕ್ಕದಲ್ಲೇ ಕೂಲಿಯೂ ದಾಖಲಾಗುವುದು ಅಗತ್ಯವಾಗಿದೆ.