ಇವಿಎಂ ಒಳಗಿನ ಫರ್ಮ್‌ವೇರ್: ಮತಯಂತ್ರದ ಗಡಿಯಾರ, ಭದ್ರತಾ ಚಿಪ್ ಕೆಲಸ ಮಾಡುವುದು ಹೇಗೆ?

ಉಲ್ಹಾಸನಗರದ ಮತದಾರರು ಸುಮಾರು 14 ತಿಂಗಳ ಅಂತರದಲ್ಲಿ ಎರಡು ಬಗೆಯ ಯಂತ್ರಗಳಲ್ಲಿ ಮತ ಹಾಕಿದ್ದಾರೆ. 2024ರ ನವೆಂಬರ್ 20ರ ವಿಧಾನಸಭಾ ಚುನಾವಣೆಯಲ್ಲಿ ಗುಂಡಿ ಒತ್ತಿದ ಮೇಲೆ ವಿವಿಪ್ಯಾಟ್ ಗಾಜಿನ ಹಿಂದೆ ಏಳು ಸೆಕೆಂಡು ಚೀಟಿ ಕಾಣಿಸಿತು. 2026ರ ಜನವರಿ 15ರ ಮಹಾನಗರ ಪಾಲಿಕೆ ಚುನಾವಣೆಯಲ್ಲಿ ಆ ಚೀಟಿ ಇರಲಿಲ್ಲ. ದೀಪ ಬೆಳಗಿತು, ಬೀಪ್ ಸದ್ದು ಕೇಳಿಸಿತು, ಅಷ್ಟೇ. ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬೈನ ಕನ್ನಡಿಗ ಮತದಾರರದ್ದೂ ಇದೇ ಅನುಭವ.

ಚೀಟಿ ಇಲ್ಲದಿದ್ದಾಗ ಮತ ಸರಿಯಾಗಿ ದಾಖಲಾಗಿದೆ ಎನ್ನುವುದಕ್ಕೆ ಉಳಿಯುವ ಆಧಾರ ಯಂತ್ರದೊಳಗಿನ ಚಿಪ್ ಮತ್ತು ಅದರಲ್ಲಿ ಬರೆದಿಟ್ಟ ಫರ್ಮ್‌ವೇರ್ ಮಾತ್ರ. ಅದು ಏನು ಮಾಡುತ್ತದೆ, ಅದನ್ನು ಯಾರು ಪರೀಕ್ಷಿಸಬಹುದು ಎಂಬ ವಿವರ ಇಲ್ಲಿದೆ.

ಏನಿದು ಫರ್ಮ್‌ವೇರ್?

ಮೊಬೈಲ್‌ನಲ್ಲಿ ಆ್ಯಪ್ ಹಾಕಿಕೊಳ್ಳುತ್ತೇವೆ, ಬೇಡವೆಂದರೆ ತೆಗೆಯುತ್ತೇವೆ. ಫರ್ಮ್‌ವೇರ್ ಹಾಗಲ್ಲ. ಅದು ಚಿಪ್‌ನ ಒಳಗೇ ಕೂತು ಗುಂಡಿ, ದೀಪ, ಗಡಿಯಾರ, ಮೆಮೊರಿ ಇವುಗಳನ್ನು ನೇರವಾಗಿ ನಡೆಸುವ ಕೋಡ್. ವಾಷಿಂಗ್ ಮೆಷಿನ್, ವಿದ್ಯುತ್ ಮೀಟರ್, ಕಾರಿನ ಏರ್‌ಬ್ಯಾಗ್ ಎಲ್ಲದರಲ್ಲೂ ಇದು ಇರುತ್ತದೆ. ಮತಯಂತ್ರದಲ್ಲಿ ವಿಂಡೋಸ್, ಆಂಡ್ರಾಯ್ಡ್‌ನಂಥ ಆಪರೇಟಿಂಗ್ ಸಿಸ್ಟಂ ಇಲ್ಲ. ಇರುವುದು ಮೈಕ್ರೋಕಂಟ್ರೋಲರ್ ಮತ್ತು ಅದರ ಫರ್ಮ್‌ವೇರ್.

ಭಾರತದ ಇವಿಎಂ ತಯಾರಿಸುವುದು ಎರಡೇ ಸರ್ಕಾರಿ ಸಂಸ್ಥೆಗಳು: ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಮತ್ತು ಹೈದರಾಬಾದಿನ ಇಸಿಐಎಲ್. ಫರ್ಮ್‌ವೇರ್ ಬರೆಯುವವರೂ ಈ ಸಂಸ್ಥೆಗಳ ಎಂಜಿನಿಯರ್‌ಗಳೇ. 1982ರಲ್ಲಿ ಕೇರಳದ ಪರವೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ ಯಂತ್ರದ ಮೊದಲ ಬಳಕೆಯಾಯಿತು. ಕಾನೂನಿನಲ್ಲಿ ಅವಕಾಶವಿಲ್ಲ ಎಂದು ಸುಪ್ರೀಂ ಕೋರ್ಟ್ 1984ರಲ್ಲಿ ಆ ಮತದಾನವನ್ನು ಅಸಿಂಧುಗೊಳಿಸಿತು. ನಂತರ ಜನಪ್ರಾತಿನಿಧ್ಯ ಕಾಯ್ದೆಗೆ 61ಎ ಕಲಂ ಸೇರಿತು. 2004ರ ಲೋಕಸಭಾ ಚುನಾವಣೆಯಲ್ಲಿ ಎಲ್ಲ 543 ಕ್ಷೇತ್ರಗಳಿಗೂ ಯಂತ್ರ ಬಂತು. 2006ರವರೆಗೆ ತಯಾರಾದವನ್ನು ಎಂ1, 2006ರಿಂದ 2010ರವರೆಗಿನವನ್ನು ಎಂ2, 2013ರಿಂದ ಈಚಿನವನ್ನು ಎಂ3 ಎನ್ನುತ್ತಾರೆ.

ಗಡಿಯಾರಕ್ಕೆ ಏಕಿಷ್ಟು ಮಹತ್ವ?

ಪ್ರೊ. ಪಿ.ವಿ. ಇಂದಿರೇಶನ್ ನೇತೃತ್ವದ ತಾಂತ್ರಿಕ ತಜ್ಞರ ಸಮಿತಿ 2006ರಲ್ಲಿ ಮಾಡಿದ ಶಿಫಾರಸುಗಳ ನಂತರ ಯಂತ್ರಕ್ಕೆ ರಿಯಲ್ ಟೈಮ್ ಗಡಿಯಾರ ಬಂತು. ಅಂದಿನಿಂದ ಒತ್ತಿದ ಪ್ರತಿ ಗುಂಡಿಯ ಜೊತೆ ದಿನಾಂಕ, ಸಮಯ ಮೆಮೊರಿಗೆ ಸೇರುತ್ತದೆ.

ಇಂಥ ಗಡಿಯಾರದ ತಂತ್ರ ಸರಳ. ಸಾಮಾನ್ಯವಾಗಿ ಇದರಲ್ಲಿ ಕೈಗಡಿಯಾರದಲ್ಲಿರುವಂಥದ್ದೇ ಒಂದು ಸಣ್ಣ ಸ್ಫಟಿಕವಿದ್ದು, ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಸಂಖ್ಯೆಯನ್ನು 15 ಸಲ ಅರ್ಧ ಮಾಡುತ್ತಾ ಹೋದರೆ ಸರಿಯಾಗಿ ಒಂದು ಬರುತ್ತದೆ. ಅದೇ ಒಂದು ಸೆಕೆಂಡು. ಪ್ರತ್ಯೇಕ ಬ್ಯಾಟರಿ ಇರುವುದರಿಂದ ಸಾಧನ ಬಂದ್ ಆಗಿದ್ದರೂ ಗಡಿಯಾರ ನಿಲ್ಲುವುದಿಲ್ಲ. ಫರ್ಮ್‌ವೇರ್ ಬೇಕೆಂದಾಗ ಅದನ್ನು ಓದಿಕೊಳ್ಳುತ್ತದೆ.

ಟೈಮರ್‌ನ ಕೆಲಸ ಇಷ್ಟಕ್ಕೇ ಮುಗಿಯುವುದಿಲ್ಲ. ಬೆರಳು ಗುಂಡಿಯನ್ನು ಒಮ್ಮೆ ಒತ್ತಿದರೂ ಒಳಗಿನ ಲೋಹದ ಸಂಪರ್ಕ ಕೆಲವು ಮಿಲಿಸೆಕೆಂಡು ಅದುರಿ ಹತ್ತಾರು ಸಲ ಕೂಡಿ ಬಿಡುತ್ತದೆ. ಸ್ವಲ್ಪ ಕಾದು, ಅದುರುವುದು ನಿಂತ ಮೇಲೆ ಅದನ್ನು ಒಂದೇ ಒತ್ತು ಎಂದು ಎಣಿಸುವುದು ಗುಂಡಿಗಳಿರುವ ಯಾವುದೇ ಸಾಧನದ ಫರ್ಮ್‌ವೇರ್‌ನ ಮೊದಲ ಪಾಠ. ವಿವಿಪ್ಯಾಟ್‌ನ ಏಳು ಸೆಕೆಂಡಿನ ಲೆಕ್ಕವೂ ಟೈಮರ್‌ನದ್ದೇ. ಮತಗಟ್ಟೆ ಅಧಿಕಾರಿ ಕಂಟ್ರೋಲ್ ಯೂನಿಟ್‌ನಲ್ಲಿ 'ಬ್ಯಾಲೆಟ್' ಗುಂಡಿ ಒತ್ತಿದರೆ ಒಂದೇ ಮತಕ್ಕೆ ಅವಕಾಶ ತೆರೆಯುತ್ತದೆ. ಆ ಮತ ಬಿದ್ದ ಮೇಲೆ ಮತದಾರರು ಎಷ್ಟೇ ಸಲ ಒತ್ತಿದರೂ ಯಂತ್ರ ಕಿವಿಗೊಡುವುದಿಲ್ಲ. ಹೀಗಾಗಿ ನಿಮಿಷಕ್ಕೆ ನಾಲ್ಕೈದು ಮತಕ್ಕಿಂತ ಹೆಚ್ಚು ಬೀಳುವಂತಿಲ್ಲ. ಮತಪತ್ರದ ಕಾಲದಲ್ಲಿ ಮತಗಟ್ಟೆ ವಶಪಡಿಸಿಕೊಂಡವರು ಕಂತೆಗಟ್ಟಲೆ ಚೀಟಿಗೆ ಮುದ್ರೆ ಒತ್ತಿ ಕ್ಷಣದಲ್ಲಿ ಪೆಟ್ಟಿಗೆ ತುಂಬಿಸುತ್ತಿದ್ದರು. ಯಂತ್ರದ ನಿಧಾನವೇ ಅದಕ್ಕೆ ತಡೆಯಾಯಿತು.

'ಕ್ಲೋಸ್' ಗುಂಡಿ ಒತ್ತಿದ ಮೇಲೆ ಹೊಸ ಮತ ದಾಖಲಾಗುವುದಿಲ್ಲ. ಎಣಿಕೆಯ ದಿನ ಕಂಟ್ರೋಲ್ ಯೂನಿಟ್ ಪರದೆಯಲ್ಲಿ ಮತದಾನ ಆರಂಭವಾದ ಮತ್ತು ಮುಗಿದ ದಿನಾಂಕ, ಸಮಯ ಮೂಡುತ್ತವೆ. ಪಕ್ಷಗಳ ಏಜೆಂಟರು ಫಲಿತಾಂಶ ಬರೆದುಕೊಳ್ಳುವ ಅವಸರದಲ್ಲಿ ನೋಡದೆ ಬಿಡುವ ಸಾಲು ಇದೇ ಇರಬೇಕು. ಮತಗಟ್ಟೆಯಲ್ಲಿ ಬರೆದುಕೊಂಡ ಸಮಯದ ಜೊತೆ ಇದನ್ನು ಹೋಲಿಸಲು ತಂತ್ರಜ್ಞಾನ ಗೊತ್ತಿರಬೇಕಾಗಿಲ್ಲ.

ಒಮ್ಮೆ ಬರೆದರೆ ಮುಗಿಯಿತು

ಇವಿಎಂ ಭದ್ರತೆಯ ಕುರಿತು ಚುನಾವಣಾ ಆಯೋಗದ ಮುಖ್ಯ ವಾದ ನಿಂತಿರುವುದು ಇದರ ಮೇಲೆ: ಮೈಕ್ರೋಕಂಟ್ರೋಲರ್‌ಗೆ ಕೋಡನ್ನು ಒಂದೇ ಸಲ ಬರೆಯಬಹುದು. ಆ ಮೇಲೆ ತಯಾರಕರೂ ಸೇರಿದಂತೆ ಯಾರೂ ತಿದ್ದಲಾಗದು. ಇಂಟರ್ನೆಟ್, ಬ್ಲೂಟೂತ್, ವೈಫೈ ಯಾವುದೂ ಯಂತ್ರದಲ್ಲಿಲ್ಲ. ಯಾವ ಪಕ್ಷ, ಯಾವ ಅಭ್ಯರ್ಥಿ ಎಂಬುದು ಕಂಟ್ರೋಲ್ ಯೂನಿಟ್‌ನ ಕೋಡ್‌ಗೆ ತಿಳಿಯದು. ಅದಕ್ಕೆ ತಿಳಿಯುವುದು ಗುಂಡಿಯ ಕ್ರಮಸಂಖ್ಯೆ ಮಾತ್ರ.

ಆದರೆ ಕೋಡ್ ಬದಲಾಗದಿದ್ದರೆ ಸಾಕೇ? ಸಾಲದು ಎಂದು 2010ರಲ್ಲಿ ಹೈದರಾಬಾದಿನ ಹರಿ ಪ್ರಸಾದ್, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಜೆ. ಅಲೆಕ್ಸ್ ಹಾಲ್ಡರ್‌ಮನ್, ನೆದರ್ಲೆಂಡ್ಸ್‌ನ ರೋಪ್ ಹೊಂಗ್ರೈಪ್ ಮತ್ತಿತರರು ತೋರಿಸಿದರು. ಹಳೆಯ ತಲೆಮಾರಿನ ಯಂತ್ರವೊಂದರ ಮೇಲೆ ನಡೆಸಿದ ಆ ಪರೀಕ್ಷೆಯಲ್ಲಿ ಅವರು ಫರ್ಮ್‌ವೇರ್ ಮುಟ್ಟಲೇ ಇಲ್ಲ. ಫಲಿತಾಂಶ ತೋರಿಸುವ ಪರದೆಯ ಬೋರ್ಡನ್ನೇ ತೆಗೆದು ಅದರಂತೆಯೇ ಕಾಣುವ ಬೇರೊಂದನ್ನು ಕೂರಿಸಿದರು. ಇನ್ನೊಂದು ವಿಧಾನದಲ್ಲಿ, ಮತಗಳಿದ್ದ ಮೆಮೊರಿ ಚಿಪ್‌ಗೆ ಸಣ್ಣ ಸಾಧನವೊಂದನ್ನು ಸಿಕ್ಕಿಸಿ ಸಂಖ್ಯೆಗಳನ್ನೇ ಬದಲಿಸಿದರು. ಎರಡಕ್ಕೂ ಯಂತ್ರ ಕೈಗೆ ಸಿಗಬೇಕು, ಅದನ್ನು ಬಿಚ್ಚಬೇಕು. ಮೊಹರು, ಕಾವಲು ಇರುವಾಗ ಅದು ಸಾಧ್ಯವಿಲ್ಲ ಎಂಬುದು ಆಯೋಗದ ಉತ್ತರವಾಗಿತ್ತು.

ಎಂ3 ಯಂತ್ರದಲ್ಲಿ ಮೊಹರನ್ನಷ್ಟೇ ನೆಚ್ಚಿಕೊಂಡಿಲ್ಲ. ಮೈಕ್ರೋಕಂಟ್ರೋಲರ್ ಅಥವಾ ಮೆಮೊರಿಗೆ ಕೈ ಹಾಕಲು ಯತ್ನಿಸಿದರೆ ಅದನ್ನು ಪತ್ತೆ ಹಚ್ಚುವ ವ್ಯವಸ್ಥೆ ಯಂತ್ರವನ್ನೇ ನಿಷ್ಕ್ರಿಯಗೊಳಿಸುತ್ತದೆ. ಬ್ಯಾಲೆಟ್ ಯೂನಿಟ್, ಕಂಟ್ರೋಲ್ ಯೂನಿಟ್, ವಿವಿಪ್ಯಾಟ್ ಮೂರೂ ಡಿಜಿಟಲ್ ಪ್ರಮಾಣಪತ್ರದ ಮೂಲಕ ಒಂದರ ಗುರುತನ್ನು ಇನ್ನೊಂದು ಖಚಿತಪಡಿಸಿಕೊಂಡ ಮೇಲೆಯೇ ಮಾತಾಡುತ್ತವೆ. ಎಟಿಎಂ ಕಾರ್ಡಿನ ಚಿಪ್ ಯಂತ್ರಕ್ಕೆ ತನ್ನ ಗುರುತು ಸಾಬೀತುಪಡಿಸುವಂತೆಯೇ ಇದು. ಹೊರಗಿನಿಂದ ತಂದ ಬೋರ್ಡ್ ನೋಡಲು ಎಷ್ಟೇ ಅಸಲಿಯಂತಿದ್ದರೂ ಗುಪ್ತ ಕೀಲಿ ಇಲ್ಲದೆ ಒಳಗೆ ಸೇರದು.

ಆದರೆ ಓದುವವರು ಯಾರು?

ತಿದ್ದಲಾಗದಂತೆ ಮುಚ್ಚಿದ ಚಿಪ್‌ನಲ್ಲಿ ಏನಿದೆ ಎಂದು ಹೊರಗಿನವರು ಓದಿ ನೋಡಲೂ ಆಗದು. ಮೂಲ ಕೋಡ್ ಬಹಿರಂಗವಾಗಿಲ್ಲ. ಕೇಂದ್ರ ಸರ್ಕಾರದ್ದೇ ಆದ ಎಸ್‌ಟಿಕ್ಯೂಸಿ ಸಂಸ್ಥೆ ಅದನ್ನು ಪರೀಕ್ಷಿಸುತ್ತದೆ. ಪ್ರಶ್ನೆ ಉಳಿಯುವುದು ಇಲ್ಲೇ: ಪರೀಕ್ಷೆಯಾದ ಕೋಡ್ ಮತ್ತು ನಮ್ಮೂರ ಮತಗಟ್ಟೆಗೆ ಬಂದ ಯಂತ್ರದ ಕೋಡ್ ಎರಡೂ ಒಂದೇ ಎಂದು ಸೋತ ಅಭ್ಯರ್ಥಿ ಹೇಗೆ ನಂಬಬೇಕು?

2024ರ ಏಪ್ರಿಲ್ 26ರಂದು ನ್ಯಾಯಮೂರ್ತಿಗಳಾದ ಸಂಜೀವ್ ಖನ್ನಾ ಮತ್ತು ದೀಪಂಕರ್ ದತ್ತಾ ಅವರ ಪೀಠ ಇದಕ್ಕೊಂದು ದಾರಿ ತೋರಿಸಿತು. ಮತಪತ್ರಕ್ಕೆ ಮರಳಬೇಕು, ವಿವಿಪ್ಯಾಟ್ ಚೀಟಿಗಳನ್ನು ಶೇ 100ರಷ್ಟು ಎಣಿಸಬೇಕು ಎಂಬ ಬೇಡಿಕೆಗಳನ್ನು ಪೀಠ ತಳ್ಳಿಹಾಕಿತು. ಆದರೆ ಎರಡನೇ ಅಥವಾ ಮೂರನೇ ಸ್ಥಾನ ಪಡೆದ ಅಭ್ಯರ್ಥಿ ಫಲಿತಾಂಶ ಬಂದ ಏಳು ದಿನದೊಳಗೆ ಲಿಖಿತವಾಗಿ ಕೋರಿದರೆ, ಪ್ರತಿ ವಿಧಾನಸಭಾ ಕ್ಷೇತ್ರದ ಶೇ 5ರಷ್ಟು ಯಂತ್ರಗಳ ಮೈಕ್ರೋಕಂಟ್ರೋಲರ್ ಮೆಮೊರಿ ಪರಿಶೀಲಿಸಬೇಕು ಎಂದಿತು. ವೆಚ್ಚ ಅಭ್ಯರ್ಥಿಯದ್ದು. ಅಕ್ರಮ ಪತ್ತೆಯಾದರೆ ಹಣ ವಾಪಸ್. ಕ್ಷೇತ್ರದಲ್ಲಿ 300 ಮತಗಟ್ಟೆಗಳಿವೆ ಎಂದುಕೊಂಡರೆ 15ರ ಯಂತ್ರಗಳನ್ನು ಹೀಗೆ ಪರಿಶೀಲಿಸಬಹುದು.

ಪರಿಶೀಲಿಸುವವರು ತಯಾರಕ ಸಂಸ್ಥೆಯ ಎಂಜಿನಿಯರ್‌ಗಳೇ. ಮೇಲಾಗಿ, ಆಯೋಗ ಮೊದಲು ರೂಪಿಸಿದ ವಿಧಾನದಲ್ಲಿ ಮೆಮೊರಿ ಓದುವ ಬದಲು ಗರಿಷ್ಠ 1,400 ಅಣಕು ಮತ ಹಾಕಿ ಚೀಟಿಗಳೊಂದಿಗೆ ತಾಳೆ ನೋಡುವುದಿತ್ತು. ಇದು ಮತ್ತೆ ಕೋರ್ಟ್ ಮೆಟ್ಟಿಲೇರಿತು. ಪರಿಶೀಲನೆ ವೇಳೆ ಯಂತ್ರದ ದತ್ತಾಂಶ ಅಳಿಸಬಾರದು, ಮರಳಿ ತುಂಬಿಸಲೂ ಬಾರದು ಎಂದು ಸುಪ್ರೀಂ ಕೋರ್ಟ್ 2025ರ ಫೆಬ್ರುವರಿಯಲ್ಲಿ ಸೂಚಿಸಿತು. ಅಣಕು ಮತದಾನ ಯಂತ್ರ ಇಂದು ಸರಿಯಾಗಿ ಎಣಿಸುತ್ತಿದೆಯೇ ಎಂದು ಹೇಳಬಲ್ಲದು. ಮತದಾನದ ದಿನ ಅದರೊಳಗೆ ಯಾವ ಕೋಡ್ ಇತ್ತು ಎಂಬುದಕ್ಕೆ ಅದು ನೇರ ಉತ್ತರವಲ್ಲ.

ಪಾಲಿಕೆ ಚುನಾವಣೆಯಲ್ಲಿ ಚೀಟಿ ಏಕಿರಲಿಲ್ಲ?

ಸ್ಥಳೀಯ ಸಂಸ್ಥೆಗಳ ಚುನಾವಣೆ ನಡೆಸುವುದು ಭಾರತದ ಚುನಾವಣಾ ಆಯೋಗವಲ್ಲ, ರಾಜ್ಯ ಚುನಾವಣಾ ಆಯೋಗ. ಮುಂಬೈ ಬಿಟ್ಟರೆ ಮಹಾರಾಷ್ಟ್ರದ ಪಾಲಿಕೆಗಳಲ್ಲಿ ಒಂದು ಪ್ರಭಾಗದಿಂದ ಸಾಮಾನ್ಯವಾಗಿ ನಾಲ್ವರು ಆಯ್ಕೆಯಾಗುತ್ತಾರೆ. ಮತದಾರರು ಒಂದೇ ಸರದಿಯಲ್ಲಿ ಹಲವು ಗುಂಡಿ ಒತ್ತಬೇಕು, ಎಲ್ಲ ಸ್ಥಾನಗಳ ಮತ ಮುಗಿದ ಮೇಲಷ್ಟೇ ಯಂತ್ರ ಮತದಾನ ಪೂರ್ಣ ಎಂದು ಒಪ್ಪಬೇಕು. ಅಂದರೆ ಫರ್ಮ್‌ವೇರ್ ನಡೆಯುವ ಕ್ರಮವೇ ಬೇರೆ. ಈ ಬಹುಸದಸ್ಯ ಪದ್ಧತಿಗೆ ವಿವಿಪ್ಯಾಟ್ ಹೊಂದುವುದಿಲ್ಲ ಎಂದು ರಾಜ್ಯ ಆಯೋಗ ಕಾರಣ ಕೊಟ್ಟಿತ್ತು.

ಹಾಗಾಗಿ ಉಲ್ಹಾಸನಗರ, ಕಲ್ಯಾಣ-ಡೊಂಬಿವಲಿ ಪಾಲಿಕೆಗಳ ಫಲಿತಾಂಶಕ್ಕೆ ಹೋಲಿಸಿ ನೋಡಲು ಕಾಗದದ ಚೀಟಿ ಇಲ್ಲ. ಇರುವುದು ಕಂಟ್ರೋಲ್ ಯೂನಿಟ್ ತೋರಿಸುವ ಒಟ್ಟು ಮತ, ಮತಗಟ್ಟೆ ಅಧಿಕಾರಿಯ ರಿಜಿಸ್ಟರ್‌ನ ಲೆಕ್ಕ ಮತ್ತು ಯಂತ್ರದ ಮೆಮೊರಿ.

ಇತ್ತ ಬಿಇಎಲ್‌ನ ತವರು ಕರ್ನಾಟಕದಲ್ಲಿ, ಸ್ಥಳೀಯ ಸಂಸ್ಥೆಗಳ ಚುನಾವಣೆಯನ್ನು ಇವಿಎಂ ಬದಲು ಮತಪತ್ರದಲ್ಲಿ ನಡೆಸುವಂತೆ ರಾಜ್ಯ ಚುನಾವಣಾ ಆಯೋಗಕ್ಕೆ ಶಿಫಾರಸು ಮಾಡಲು ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ನಿರ್ಧರಿಸಿದೆ.