ಸಿಟ್ಟಿನ ಹಾಡಿಗೆ ಮಡಿ ಉಡಿಸಿದ ಕಥೆ

ಇದು ಸ್ವಲ್ಪ ಉದ್ದದ ಪೋಸ್ಟು. ಹಾರ್ಡ್‌ಕೋರ್ ಪಂಕ್ ಅನ್ನೋ ಅಮೆರಿಕದ ಸಂಗೀತದ ಬಗ್ಗೆ. "ಅದಕ್ಕೂ ನಮಗೂ ಏನ್ ಸಂಬಂಧ" ಅನ್ನೋರು ಕೊನೆವರೆಗೂ ಓದಿ, ಆಮೇಲೆ ಬೈಯಿರಿ.

ಮೊದಲೇ ಹೇಳಿಬಿಡ್ತೀನಿ, ನಾನು ಸಂಗೀತ ಬಲ್ಲವನಲ್ಲ. ಸಭೆ, ಧರಣಿ ಅಂತ ಊರೂರು ತಿರುಗುವಾಗ ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳೋನು, ಅಷ್ಟೆ. ಆದರೆ ಕೇಳ್ತಾ ಕೇಳ್ತಾ ಈ ಸಂಗೀತದ ಚರಿತ್ರೆಯಲ್ಲಿ ನಮಗೆ ಚೆನ್ನಾಗಿ ಗುರುತಿರುವ ಒಂದು ಸಂಗತಿ ಕಾಣಿಸಿತು. ಬೀದಿಯಲ್ಲಿ ಹುಟ್ಟಿದ ಸಿಟ್ಟು ಹತ್ತು ವರ್ಷ ತುಂಬೋದರೊಳಗೆ ಮಡಿ ಉಡೋದನ್ನ ಕಲಿತ ಸಂಗತಿ.

ಗೊತ್ತಿಲ್ಲದವರಿಗೆ ಎರಡು ಮಾತು. 1970ರ ದಶಕದಲ್ಲಿ ನ್ಯೂಯಾರ್ಕ್, ಲಂಡನ್ನಿನಲ್ಲಿ ಪಂಕ್ ಬಂತು. ಅದನ್ನ ಇನ್ನಷ್ಟು ವೇಗ, ಇನ್ನಷ್ಟು ಚಿಕ್ಕದು, ಇನ್ನಷ್ಟು ಒರಟು ಮಾಡಿದ್ದು ಹಾರ್ಡ್‌ಕೋರ್. ಒಂದೊಂದು ಹಾಡು ಒಂದು ನಿಮಿಷ, ಒಂದೂವರೆ ನಿಮಿಷ. ದೊಡ್ಡ ಕಂಪನಿಗಳು ಕಣ್ಣೆತ್ತಿಯೂ ನೋಡಲಿಲ್ಲ. ಹುಡುಗರೇ ರೆಕಾರ್ಡು ಒತ್ತಿಸಿದರು, ಕವರ್ ಮಡಚಿ ಅಂಟಿಸಿದರು, ವ್ಯಾನಿನಲ್ಲಿ ಊರೂರು ತಿರುಗಿದರು. ಕರಪತ್ರ ಹಂಚಿ ಸಂಘಟನೆ ಕಟ್ಟಿದ ನಮಗೆ ಈ ಕೆಲಸ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ಇದನ್ನ ಯಾರು ಶುರು ಮಾಡಿದ್ದು ಅಂದ್ರೆ ಸಾಮಾನ್ಯವಾಗಿ ಬರೋ ಉತ್ತರ, ಊರಾಚೆ ಬಡಾವಣೆಗಳ ಬಿಳಿಯ ಹುಡುಗರು ಅಂತ. ಅರ್ಧ ನಿಜ. ಕ್ಯಾಲಿಫೋರ್ನಿಯಾದ ಬ್ಲ್ಯಾಕ್ ಫ್ಲ್ಯಾಗ್ ಅಂಥದ್ದೇ ಊರಿನದು, ಅವರ 1981ರ 'ಡ್ಯಾಮೇಜ್ಡ್' ಇಂದಿಗೂ ಕಿವಿ ಸುಡುತ್ತೆ. ಆದರೆ ಈ ವೇಗಕ್ಕೆ ಅಳತೆಗೋಲು ಹಾಕಿಕೊಟ್ಟವರು ವಾಷಿಂಗ್ಟನ್ ಡಿಸಿಯ ನಾಲ್ಕು ಜನ ಕಪ್ಪು ಯುವಕರು. ಬ್ಯಾಡ್ ಬ್ರೇನ್ಸ್. ಮೊದಲು ಮೈಂಡ್ ಪವರ್ ಅನ್ನೋ ಹೆಸರಲ್ಲಿ ಜಾಝ್ ಫ್ಯೂಷನ್ ನುಡಿಸುತ್ತಿದ್ದವರು. ಅಂದರೆ ವಾದ್ಯ ಬಾರದೆ ಗಲಾಟೆ ಮಾಡಿದವರಲ್ಲ, ವಾದ್ಯ ಚೆನ್ನಾಗಿ ಬಂದೂ ಈ ದಾರಿ ಹಿಡಿದವರು. ಡಿಸಿಯ ಕ್ಲಬ್ಬುಗಳಲ್ಲಿ ಬಾಗಿಲು ಮುಚ್ಚಿದಾಗ ಆ ಬಹಿಷ್ಕಾರವನ್ನೇ 'ಬ್ಯಾನ್ಡ್ ಇನ್ ಡಿ.ಸಿ.' ಅಂತ ಹಾಡು ಮಾಡಿದರು. 1982ರ ಅವರ ಮೊದಲ ಆಲ್ಬಮ್ ಬಂದದ್ದು ಬರೀ ಕ್ಯಾಸೆಟ್ಟಿನಲ್ಲಿ. ಅದರ ಮುಖಪುಟದಲ್ಲಿ ಅಮೆರಿಕದ ಸಂಸತ್ ಭವನದ ಗುಮ್ಮಟಕ್ಕೆ ಸಿಡಿಲು ಬಡಿಯುತ್ತೆ. ಒಂದೇ ಒಂದು ಹಾರ್ಡ್‌ಕೋರ್ ಆಲ್ಬಮ್ ಕೇಳ್ತೀನಿ ಅನ್ನೋರಿಗೆ ನಾನು ಕೊಡೋದು ಇದನ್ನೇ. ಸಿಡಿಲಿನಂಥ ಹಾಡುಗಳ ನಡುವೆ ಇದ್ದಕ್ಕಿದ್ದಂತೆ ನಿಧಾನದ ರೆಗೇ ಬರುತ್ತೆ. ಓಡಿ ಓಡಿ ಸುಸ್ತಾದವನು ಮರದ ನೆರಳಲ್ಲಿ ಕೂತ ಹಾಗೆ.

ಇವರಿಗಿಂತ ಮುಂಚಿನವರೂ ಇದ್ದಾರೆ. ಡೆಟ್ರಾಯ್ಟಿನ ಮೂವರು ಕಪ್ಪು ಅಣ್ಣತಮ್ಮಂದಿರು, ಹ್ಯಾಕ್ನಿ ಸಹೋದರರು, ಡೆತ್ ಅನ್ನೋ ತಂಡ ಕಟ್ಟಿ 1975ರಲ್ಲೇ ಪಂಕ್‌ನಂಥದ್ದನ್ನ ರೆಕಾರ್ಡ್ ಮಾಡಿದ್ದರು. ತಂಡದ ಹೆಸರು ಬದಲಾಯಿಸಿ ಅಂತ ಕಂಪನಿಯ ಕಡೆಯಿಂದ ಮಾತು ಬಂತು. ಡೇವಿಡ್ ಹ್ಯಾಕ್ನಿ ಒಪ್ಪಲಿಲ್ಲ. ಆ ಹಾಡುಗಳು ಆಲ್ಬಮ್ಮಾಗಿ ಹೊರಬಂದದ್ದು 2009ರಲ್ಲಿ. ಅಷ್ಟೊತ್ತಿಗೆ ಡೇವಿಡ್ ತೀರಿಕೊಂಡು ವರ್ಷಗಳೇ ಆಗಿದ್ದವು. ಮೊದಲು ಮಾಡಿದವನು ಕಪಾಟಿನಲ್ಲಿ, ಆಮೇಲೆ ಬಂದವನು ಪುಸ್ತಕದಲ್ಲಿ. ಇದು ನಾವು ಕಾಣದ ಕಥೆಯೇನಲ್ಲ.

ಬ್ಯಾಡ್ ಬ್ರೇನ್ಸ್ ನೋಡಿ ಬೆಳೆದ ಬಿಳಿಯ ಹುಡುಗರಲ್ಲಿ ಮುಖ್ಯರಾದವರು ಮೈನರ್ ಥ್ರೆಟ್. ಹಾಡುಗಾರ ಇಯಾನ್ ಮೆಕಾಯ್. ಅವರ 'ಸ್ಟ್ರೇಟ್ ಎಡ್ಜ್' ಹಾಡು ಮುಕ್ಕಾಲು ನಿಮಿಷದ್ದು. ಕುಡಿಯೋದಿಲ್ಲ, ಅಮಲು ಬೇಡ, ತಲೆ ನೆಟ್ಟಗಿರಲಿ ಅನ್ನೋ ನಿಲುವು. ಇದರ ಗುರುತಾದ ಕೈ ಮೇಲಿನ 'ಎಕ್ಸ್' ಬಂದದ್ದು ತಮಾಷೆಯಾಗಿದೆ. ವಯಸ್ಸು ಸಾಲದ ಹುಡುಗರನ್ನು ಒಳಗೆ ಬಿಡಬೇಕು, ಆದರೆ ಹೆಂಡ ಕೊಡಬಾರದು ಅಂತ ಸ್ಯಾನ್‌ಫ್ರಾನ್ಸಿಸ್ಕೊದ ಕ್ಲಬ್ಬಿನವರು ಕೈ ಮೇಲೆ ಎಕ್ಸ್ ಬರೆದಿದ್ದರು. ಡಿಸಿ ಹುಡುಗರು ಅದನ್ನ ಊರಿಗೆ ತಂದರು. ಬಾಗಿಲು ಕಾಯೋನು ಹಾಕಿದ ಗುರುತು ಹೆಮ್ಮೆಯ ಗುರುತಾಯ್ತು. ಇಲ್ಲಿವರೆಗೆ ನನ್ನ ತಕರಾರಿಲ್ಲ. ಸಾರಾಯಿ ಅಂಗಡಿ ಮುಂದೆ ಕೂತು ಮುಚ್ಚಿಸಿದ ಅವ್ವಂದಿರ ಮಕ್ಕಳು ನಾವು. ಕುಡಿಯಲ್ಲ ಅನ್ನೋದು ನಮ್ಮ ಕೇರಿಯಲ್ಲಿ ಶೋಕಿಯಲ್ಲ, ಹೊಟ್ಟೆಯ ಪ್ರಶ್ನೆ.

ತಕರಾರು ಇರೋದು ಅದೇ ತಂಡದ 'ಗಿಲ್ಟಿ ಆಫ್ ಬೀಯಿಂಗ್ ವೈಟ್' ಹಾಡಿನ ಮೇಲೆ. ಬಿಳಿಯನಾಗಿ ಹುಟ್ಟಿದ್ದೇ ತಪ್ಪಾ ಅನ್ನೋ ಧಾಟಿ. ಆಗ ಡಿಸಿಯ ಜನರಲ್ಲಿ ನೂರಕ್ಕೆ ಸುಮಾರು 70 ಮಂದಿ ಕಪ್ಪು ಜನ. ಅಂಥ ಊರಿನ ಶಾಲೆಯಲ್ಲಿ ಅಲ್ಪಸಂಖ್ಯಾತನಾಗಿ ಓದಿದ ಹುಡುಗನ ನೋವು ಅದು, ಜನಾಂಗದ್ವೇಷಕ್ಕೆ ವಿರುದ್ಧವಾಗಿಯೇ ಬರೆದದ್ದು ಅಂತ ಮೆಕಾಯ್ ಹೇಳ್ತಾ ಬಂದಿದ್ದಾರೆ. ಅವರ ಪ್ರಾಮಾಣಿಕತೆಯನ್ನ ನಾನು ಅನುಮಾನಿಸಲ್ಲ. ಆದರೆ "ನಮ್ಮಜ್ಜ ಮಾಡಿದ್ದಕ್ಕೆ ನಾನ್ಯಾಕೆ ಹೊಣೆ, ಈಗ ಜನರಲ್ ಕೆಟಗರಿಯವರೇ ಶೋಷಿತರು" ಅನ್ನೋದನ್ನ ಹಾಸ್ಟೆಲ್ಲು, ಆಫೀಸು, ಟೀವಿ ಚರ್ಚೆ ಎಲ್ಲ ಕಡೆ ಕೇಳಿದ ಕಿವಿ ನಮ್ಮದು. ಒಬ್ಬ ಹುಡುಗನ ಗಾಯ ನಿಜ. ಆ ಗಾಯದಿಂದ ಇಡೀ ವ್ಯವಸ್ಥೆಯನ್ನ ಅಳೆಯೋಕೆ ಹೊರಟರೆ ಲೆಕ್ಕ ತಪ್ಪುತ್ತೆ. 1996ರಲ್ಲಿ ಸ್ಲೇಯರ್ ತಂಡ ಇದೇ ಹಾಡನ್ನ ಹಾಡಿ ಕೊನೆಗೆ 'ವೈಟ್' ಅನ್ನೋದನ್ನ 'ರೈಟ್' ಮಾಡಿತು. ಮೆಕಾಯ್‌ಗೆ ಅದು ಹಿಡಿಸಲಿಲ್ಲ. ಆದರೆ ಬಾಣ ಆಗಲೇ ಬಿಲ್ಲು ಬಿಟ್ಟಾಗಿತ್ತು.

ಈಗ ನ್ಯೂಯಾರ್ಕಿಗೆ ಬನ್ನಿ. ಅಲ್ಲಿಯ ಹಾರ್ಡ್‌ಕೋರ್ ಇನ್ನೂ ಬಡತನದ್ದು, ಇನ್ನೂ ಭಾರದ್ದು. ಅಗ್ನಾಸ್ಟಿಕ್ ಫ್ರಂಟ್‌ನ 1984ರ 'ವಿಕ್ಟಿಮ್ ಇನ್ ಪೇನ್' ಹದಿನೈದು ನಿಮಿಷದ ಗುದ್ದು, ನನಗೆ ಬಹಳ ಇಷ್ಟ. ಎರಡೇ ವರ್ಷಕ್ಕೆ ಅದೇ ತಂಡ 'ಪಬ್ಲಿಕ್ ಅಸಿಸ್ಟೆನ್ಸ್' ಅನ್ನೋ ಹಾಡಲ್ಲಿ ಸರ್ಕಾರದ ನೆರವು ಪಡೆಯೋ ಬಡವರನ್ನೇ ಹೀಯಾಳಿಸಿತು. ಹಾಡಿದ ರೋಜರ್ ಮಿರೆಟ್ ಹುಟ್ಟಿದ್ದು ಕ್ಯೂಬಾದಲ್ಲಿ, ತಾನೇ ವಲಸೆ ಬಂದವನು. ಬಿಟ್ಟಿ ಭಾಗ್ಯ ಅಂತ ಮೂಗು ಮುರಿಯೋರ ಜೊತೆ ನಮ್ಮವರೂ ಒಮ್ಮೊಮ್ಮೆ ದನಿಗೂಡಿಸ್ತಾರಲ್ಲ, ಅದು ನೆನಪಾಯ್ತು.

ಇಲ್ಲಿಂದ ಕಥೆ ನೇರವಾಗಿ ನಮ್ಮ ಅಂಗಳಕ್ಕೆ ಬರುತ್ತೆ. ಕ್ರೋ-ಮ್ಯಾಗ್ಸ್ ಅನ್ನೋ ತಂಡದ 1986ರ ಆಲ್ಬಮ್ 'ದಿ ಏಜ್ ಆಫ್ ಕ್ವಾರಲ್'. ಕಲಹದ ಯುಗ. ಅಂದರೆ ನಮ್ಮ ಪುರಾಣಗಳ ಕಲಿಯುಗ! ಇಸ್ಕಾನ್ ಶುರುವಾದದ್ದು 1966ರಲ್ಲಿ, ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡ್‌ನ ಒಂದು ಅಂಗಡಿ ಮಳಿಗೆಯಲ್ಲಿ. ಹಾರ್ಡ್‌ಕೋರ್ ಹುಡುಗರು ಅಲೆದಾಡಿದ್ದೂ ಅದೇ ಬೀದಿಗಳಲ್ಲಿ. ಹಾಡುಗಾರ ಜಾನ್ ಜೋಸೆಫ್ ಬಾಲ್ಯ ಕಳೆದದ್ದು ಸಾಕುಮನೆಗಳಲ್ಲಿ, ಬೀದಿಯಲ್ಲಿ. ಅಂಥವನಿಗೆ ಕೃಷ್ಣಭಕ್ತರಲ್ಲಿ ಊಟ ಸಿಕ್ಕಿತು, ಜೊತೆಗೆ ಲೋಕ ಯಾಕಿಷ್ಟು ಕೆಟ್ಟಿದೆ ಅನ್ನೋದಕ್ಕೆ ಒಂದು ಉತ್ತರವೂ ಸಿಕ್ಕಿತು. ಕಲಿಯುಗ.

ಹಸಿದವನಿಗೆ ಅನ್ನ ಕೊಟ್ಟಿದ್ದನ್ನ ನಾನು ಹಳಿಯಲ್ಲ. ಆದರೆ ಕಲಿಯುಗ ಅನ್ನೋ ಪದದ ಹೊಟ್ಟೆಯಲ್ಲಿ ಏನಿದೆ ನೋಡಿ. ಭಾಗವತದ ಹನ್ನೆರಡನೇ ಸ್ಕಂಧದಲ್ಲಿ ಕಲಿಯುಗದ ಕೇಡುಗಳ ಪಟ್ಟಿಯಿದೆ. ಶೂದ್ರರು ದಾನ ತಗೊಳ್ತಾರೆ, ಎತ್ತರದ ಪೀಠದಲ್ಲಿ ಕೂತು ಧರ್ಮ ಹೇಳ್ತಾರೆ ಅನ್ನೋದೂ ಆ ಕೇಡುಗಳಲ್ಲಿ ಒಂದು. ಅವರಿಗೆ ಲೋಕ ಕೆಟ್ಟಿತು ಅನ್ನಿಸಿದ್ದು ನಾವು ಬಾಯಿ ತೆರೆದಾಗ. ಬಾಬಾಸಾಹೇಬರು ಕುರ್ಚಿ ಮೇಲೆ ಕೂತು ಸಂವಿಧಾನ ಬರೆದದ್ದು ಈ ಲೆಕ್ಕದಲ್ಲಿ ಕಲಿಯುಗದ ಲಕ್ಷಣ. ಬೀದಿಯಲ್ಲಿ ಹೊಡೆತ ತಿಂದ ಒಬ್ಬ ಬಿಳಿಯ ಹುಡುಗ ತನ್ನ ಸಂಕಟಕ್ಕೆ ಹೆಸರು ಹುಡುಕಿಕೊಂಡು ಹೋಗಿ, ನಮ್ಮ ಬಿಡುಗಡೆಗೆ ಮೇಲ್ಜಾತಿಯವರು ಇಟ್ಟ ಬೈಗುಳವನ್ನ ಎತ್ತಿಕೊಂಡ. ಅವನಿಗೆ ಅದು ಗೊತ್ತಿರಲಿಕ್ಕಿಲ್ಲ. ನಮಗೆ ಗೊತ್ತು.

ಆಲ್ಬಮ್ ಹೇಗಿದೆ ಅಂದ್ರಾ? ಅದ್ಭುತವಾಗಿದೆ, ಅದೇ ಕಷ್ಟ. ಅದರ ಡ್ರಮ್ಮು ಬಿದ್ದರೆ ಇವತ್ತಿಗೂ ನನ್ನ ಕಾಲು ನಿಲ್ಲಲ್ಲ.

ಆಮೇಲೆ ಯೂತ್ ಆಫ್ ಟುಡೇ ತಂಡದ ರೇ ಕ್ಯಾಪೊ ಕೃಷ್ಣಭಕ್ತನಾಗಿ ಶೆಲ್ಟರ್ ಅನ್ನೋ ತಂಡ ಕಟ್ಟಿದ. ಕೃಷ್ಣಕೋರ್ ಅಂತ ಒಂದು ಉಪಪ್ರಕಾರವೇ ಆಯ್ತು. ಶೆಲ್ಟರ್‌ನ 1995ರ 'ಮಂತ್ರ' ಇಂಪಾಗಿದೆ, ನನಗೆ ಸಪ್ಪೆ. ವರ್ಣ ಗುಣದಿಂದ ಬರೋದು, ಹುಟ್ಟಿನಿಂದಲ್ಲ ಅನ್ನೋದು ಈ ಪಂಥದ ವಾದ. ಈ ವಾದ ನಮಗೆ ಹೊಸದಲ್ಲ. ಆರ್ಯಸಮಾಜದವರು ಇದನ್ನೇ ಹೇಳ್ತಿದ್ದರು. ಗುಣವೇ ಮುಖ್ಯವಾದರೆ ಆ ನಾಲ್ಕು ಹಳೇ ಹಣೆಪಟ್ಟಿ ಯಾಕೆ ಬೇಕು ಅಂತ ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲೇ ಕೇಳಿದ್ದಾರೆ.

ಇತ್ತ ಸ್ಟ್ರೇಟ್ ಎಡ್ಜ್ ಕೂಡ ಬಿಗಿಯಾಗ್ತಾ ಹೋಯ್ತು. ಮೊದಲು ಹೆಂಡ ಬೇಡ, ಆಮೇಲೆ ಮಾಂಸ ಬೇಡ. ಸಿರಕ್ಯೂಸ್‌ನ ಅರ್ಥ್ ಕ್ರೈಸಿಸ್ ತಂಡದ 1995ರ 'ಡಿಸ್ಟ್ರಾಯ್ ದಿ ಮಷೀನ್ಸ್' ಈ ಸಾಲಿನ ದೊಡ್ಡ ಆಲ್ಬಮ್. ಮೆಟಲ್ ಬೆರೆತ ಕಬ್ಬಿಣದ ಸದ್ದು. ಇನ್ನೊಂದು ತುದಿಯಲ್ಲಿ ಹಾರ್ಡ್‌ಲೈನ್ ಅನ್ನೋ ಗುಂಪು ಮಾಂಸದ ಜೊತೆ ಗರ್ಭಪಾತವನ್ನೂ ಸಲಿಂಗ ಪ್ರೀತಿಯನ್ನೂ ಅಶುದ್ಧದ ಪಟ್ಟಿಗೆ ಸೇರಿಸಿತು. ಪ್ರಾಣಿಗಳ ಮೇಲಿನ ಅವರ ಕರುಣೆ ಜಾತಿಯಿಂದ ಬಂದದ್ದಲ್ಲ, ಒಪ್ಪುತ್ತೇನೆ. ಆದರೆ ದನದ ಮಾಂಸ ತಿನ್ನೋರು ಅಂತಲೇ ಊರ ಹೊರಗೆ ಇಟ್ಟ ಜನಕ್ಕೆ 'ಶುದ್ಧ' ಅನ್ನೋ ಪದ ಬೇರೆಯೇ ಥರ ಕೇಳಿಸುತ್ತೆ. ನಾನು ಶುದ್ಧ ಅನ್ನೋನು ಮುಂದಿನ ಉಸಿರಲ್ಲೇ ನೀನು ಅಶುದ್ಧ ಅಂದಿರ್ತಾನೆ.

ಹಾಗಂತ ಕಪ್ಪು ತಂಡದಲ್ಲಿ ಎಲ್ಲವೂ ಸರಿಯಿತ್ತು ಅಂತಲ್ಲ. ಬ್ಯಾಡ್ ಬ್ರೇನ್ಸ್‌ನವರು ರಾಸ್ತಫಾರಿ ಪಂಥಕ್ಕೆ ಹೋದ ಮೇಲೆ ಸಲಿಂಗಿಗಳ ವಿಷಯದಲ್ಲಿ ಕೆಟ್ಟದಾಗಿ ನಡೆದುಕೊಂಡರು. 1982ರಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಬಿಗ್ ಬಾಯ್ಸ್ ತಂಡದ ಜೊತೆ ಆದ ಜಗಳ ಇವತ್ತಿಗೂ ಜನರ ಬಾಯಲ್ಲಿದೆ. ತುಳಿತಕ್ಕೆ ಸಿಕ್ಕವನು ಇನ್ನೊಬ್ಬನನ್ನ ತುಳಿಯಲ್ಲ ಅಂತ ಗ್ಯಾರಂಟಿ ಇಲ್ಲ. ಇದು ನಮ್ಮ ಸಂಘಟನೆಗಳಿಗೂ ಅನ್ವಯ, ನಮ್ಮ ಮನೆಗಳಿಗೂ ಅನ್ವಯ.

ಮಡಿ ಉಡದ ಹಾರ್ಡ್‌ಕೋರೂ ಇದೆ. ಇಂಗ್ಲೆಂಡಿನ ಡಿಸ್ಚಾರ್ಜ್ ತಂಡದ 1982ರ 'ಹಿಯರ್ ನಥಿಂಗ್ ಸೀ ನಥಿಂಗ್ ಸೇ ನಥಿಂಗ್' ಕೇಳಿ. ಅಣುಬಾಂಬು, ಯುದ್ಧ, ಸತ್ತ ಜನ, ಅಷ್ಟೇ ವಿಷಯ. ಅವರ ಡ್ರಮ್ಮಿನ ಪೆಟ್ಟಿಗೆ ಡಿ-ಬೀಟ್ ಅಂತಲೇ ಹೆಸರಾಯ್ತು. ಸ್ವೀಡನ್, ಜಪಾನ್, ಬ್ರೆಜಿಲ್ ಎಲ್ಲ ಕಡೆ ಎತ್ತಿಕೊಂಡರು. ನನ್ನ ಕಿವಿಗೆ ತಮಟೆಗೆ ಅತಿ ಹತ್ತಿರದ ಪೆಟ್ಟು ಅದು. ಅದನ್ನ ಬಾರಿಸೋಕೆ ನೀನು ಏನು ತಿಂತೀಯ ಅಂತ ಯಾರೂ ಕೇಳಲ್ಲ.

ಕೊನೆಗೆ ನನ್ನ ಪಾಲಿನ ದೊಡ್ಡ ತಂಡ, ಶಿಕಾಗೋದ ಲಾಸ್ ಕ್ರೂಡೋಸ್. 1991ರಲ್ಲಿ ಪಿಲ್ಸನ್ ಅನ್ನೋ ಮೆಕ್ಸಿಕನ್ ವಲಸಿಗರ ಬೀದಿಯಲ್ಲಿ ಶುರುವಾಯ್ತು. ಹಾಡುಗಾರ ಮಾರ್ಟಿನ್ ಸೊರೊಂಡೆಗಿ ಹುಟ್ಟಿದ್ದು ಉರುಗ್ವೆಯಲ್ಲಿ. ಬಿಳಿಯರೇ ತುಂಬಿದ ಸಭೆಯ ಮುಂದೆ ಸ್ಪ್ಯಾನಿಷ್‌ನಲ್ಲೇ ಹಾಡಿದರು. ಹಾಡು ಒಂದು ನಿಮಿಷದ್ದು, ನಡುವೆ ನಿಲ್ಲಿಸಿ ಅದು ಯಾಕೆ ಬರೆದದ್ದು ಅಂತ ವಿವರಿಸೋದು ಅದಕ್ಕಿಂತ ಉದ್ದ. ಯಾರೋ ಇವರನ್ನ ಜನಾಂಗದ ಬೈಗುಳ ಸೇರಿಸಿ ಕರೆದರು. ಇವರು ಆ ಬೈಗುಳವನ್ನೇ ಹಾಡಿನ ಹೆಸರು ಮಾಡಿ, ಹೌದು ನಾವು ಅದೇ ಅಂದರು. 1975ರಲ್ಲಿ ಸಿದ್ಧಲಿಂಗಯ್ಯನವರು ತಮ್ಮ ಪುಸ್ತಕಕ್ಕೆ 'ಹೊಲೆಮಾದಿಗರ ಹಾಡು' ಅಂತ ಹೆಸರಿಟ್ಟದ್ದನ್ನ ಬಲ್ಲವರಿಗೆ ಇದರ ಬಿಸಿ ತಿಳಿಯುತ್ತೆ. ಮಾರ್ಟಿನ್ ಸ್ವತಃ ಗೇ. ಆಮೇಲೆ ಲಿಂಪ್ ರಿಸ್ಟ್ ಅನ್ನೋ ತಂಡ ಕಟ್ಟಿದರು. ಅದು ಗೇ ತಂಡ, ಜೊತೆಗೆ ಸ್ಟ್ರೇಟ್ ಎಡ್ಜ್ ತಂಡವೂ ಹೌದು. ಇನ್ನೊಬ್ಬರನ್ನ ಮೈಲಿಗೆ ಮಾಡದೆಯೂ ಕುಡಿಯದೆ ಇರಬಹುದು ಅಂತ ತೋರಿಸಿಕೊಟ್ಟರು.

ಸಿಟ್ಟು ಎಲ್ಲರಿಗೂ ಬರುತ್ತೆ. ಮೇಲಿನವನಿಗೂ ಬರುತ್ತೆ, ಕೆಳಗಿನವನಿಗೂ ಬರುತ್ತೆ. ವೇಗ ಒಂದೇ, ಕಿರುಚಾಟ ಒಂದೇ. ಯಾರ ಮೇಲೆ ಸಿಟ್ಟು ಅಂತ ಕೇಳಿದಾಗಲೇ ಬಣ್ಣ ಗೊತ್ತಾಗೋದು. ರ‍್ಯಾಪು, ಬ್ಯಾಂಡು ಅಂತ ಹೊರಟಿರುವ ನಮ್ಮ ಹುಡುಗ ಹುಡುಗಿಯರಿಗೂ ನಾನು ಹೇಳೋದು ಇಷ್ಟೇ. ಜೋರಾಗಿ ಕಿರುಚಿ, ಆದರೆ ಬೇರೆಯವರು ಕೈಗೆ ಕೊಟ್ಟ ಪದವನ್ನ ಒಂದು ಸಲ ಬಿಚ್ಚಿ ನೋಡಿ ಬಾಯಿಗೆ ಹಾಕ್ಕೊಳ್ಳಿ.

ಕೇಳೋರು ಬ್ಯಾಡ್ ಬ್ರೇನ್ಸ್‌ನಿಂದ ಶುರು ಮಾಡಿ, ಆಮೇಲೆ ಡಿಸ್ಚಾರ್ಜ್, ಆಮೇಲೆ ಲಾಸ್ ಕ್ರೂಡೋಸ್. ಕ್ರೋ-ಮ್ಯಾಗ್ಸ್ ಕೂಡ ಕೇಳಿ, ಭಾಗವತದ ಆ ಪಟ್ಟಿ ಪಕ್ಕದಲ್ಲಿಟ್ಟುಕೊಂಡು. ನಾನು ಬಿಟ್ಟ ತಂಡಗಳಿದ್ದರೆ ಕಾಮೆಂಟಲ್ಲಿ ಹಾಕಿ, ಮುಂದಿನ ಬಸ್ಸಿಗೆ ಬೇಕು.

ಜೈ ಭೀಮ್.